ಗಾಜಿಗಂಟಿದ ರಾಮನ್: ಕೊಡಗಿನ ಒಂದು ಶಾಲೆಯ ಫೋಟೊ ಪ್ರಕರಣ

ಮಡಿಕೇರಿ ತಾಲ್ಲೂಕಿನ ಒಂದು ಹಳೆ ಶಾಲೆ. ಅದರ ವಿಜ್ಞಾನ ಕೊಠಡಿಯ ಗೋಡೆಯಲ್ಲಿ ಎಷ್ಟೋ ವರ್ಷಗಳಿಂದ ಫ್ರೇಮ್ ಹಾಕಿದ ಒಂದು ಕಪ್ಪುಬಿಳುಪು ಫೋಟೊ ಇತ್ತು. ರುಮಾಲು ಸುತ್ತಿ ಕಪ್ಪು ಕೋಟು ತೊಟ್ಟವರೊಬ್ಬರ ಎದೆಮಟ್ಟದ ಚಿತ್ರ. ಮಕ್ಕಳಿಗೆ ಅವರು ಸರ್ ಸಿ. ವಿ. ರಾಮನ್. ಪ್ರತಿ ಫೆಬ್ರುವರಿ 28ಕ್ಕೆ, ರಾಷ್ಟ್ರೀಯ ವಿಜ್ಞಾನ ದಿನದಂದು, ಅದನ್ನು ಕೆಳಗಿಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಹಾರ ಹಾಕಿ, ಕುಂಕುಮ ಇಟ್ಟು, ಎದುರಿಗೆ ದೀಪ ಹಚ್ಚುವುದು ರೂಢಿ. ಒಂದು ಮಳೆಗಾಲ ಕಳೆದು ನೋಡಿದರೆ ಮುಖದ ಒಂದು ಬದಿಯಲ್ಲಿ ಬಿಳಿ ಬೂಷ್ಟು ಹರಡಿತ್ತು. ಕೋಟಿನ ಭಾಗ ಗಾಜಿಗೆ ಅಂಟಿಕೊಂಡು, ನೀರು ಬಿದ್ದು ಒದ್ದೆಯಾದಂತೆ ಹೊಳೆಯುತ್ತಿತ್ತು. ತಲಕಾವೇರಿ ಜಾತ್ರೆ ಮುಗಿದ ಮೇಲೆ ಶಾಲೆಯವರು ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ನಮ್ಮ ಸ್ಟುಡಿಯೊಗೆ ತಂದರು. ಕೇಳಿದ್ದು ಒಂದೇ ಮಾತು: "ವಿಜ್ಞಾನ ದಿನದೊಳಗೆ ಹೊಸದರ ಹಾಗೆ ಮಾಡಿಕೊಡಿ."

ಆ ಒಂದು ಮಾತಿನೊಳಗೆ ಎರಡು ಕೆಲಸ ಇದ್ದವು. ಮಕ್ಕಳಿಗೆ ಕಾಣಬೇಕಾದ ಮುಖ ಒಂದು. ಅಷ್ಟು ವರ್ಷ ಆ ಗೋಡೆಯಲ್ಲಿದ್ದ ವಸ್ತು ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡು ಕೈ ಹಾಕಿದರೆ ಎರಡೂ ಕೆಡುತ್ತವೆ. ಇಂಥ ಫೋಟೊಗಳು ಕೊಡಗಿನ ಶಾಲೆಗಳಲ್ಲಿ, ಸೊಸೈಟಿ ಕಚೇರಿಗಳಲ್ಲಿ, ಕೊಡವ ಕುಟುಂಬಗಳ ಹಿರಿಮನೆಗಳಾದ ಐನ್‌ಮನೆಗಳ ಗೋಡೆಗಳಲ್ಲಿ ಇನ್ನೂ ಬೇಕಾದಷ್ಟಿವೆ. ಹಾಗಾಗಿ ಈ ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಬರೆದಿಡುತ್ತಿದ್ದೇನೆ.

ಇದು ರಾಮನ್ ಅವರೇನಾ?

ಮೊದಲ ತಕರಾರು ಇಲ್ಲೇ ಬಂತು. ಫೋಟೊ ತಂದ ಇಬ್ಬರಲ್ಲಿ ಒಬ್ಬರು ರಾಮನ್ ಅಂದರು, ಇನ್ನೊಬ್ಬರು "ಅಲ್ಲ, ವಿಶ್ವೇಶ್ವರಯ್ಯ ಇರಬೇಕು" ಅಂದರು. ನಗುವ ವಿಷಯವಲ್ಲ. ನಮ್ಮ ಕಡೆಯ ಶಾಲೆಗಳ ಗೋಡೆಯಲ್ಲಿ ರುಮಾಲಿನವರು ಮೂವರು: ರಾಮನ್, ವಿಶ್ವೇಶ್ವರಯ್ಯ, ರಾಧಾಕೃಷ್ಣನ್. ಬೂಷ್ಟು ಹಿಡಿದ ಮುಖ, ಮಬ್ಬು ಗಾಜು ಎರಡೂ ಸೇರಿದರೆ ಯಾರನ್ನು ಯಾರೆಂದರೂ ನಡೆಯುತ್ತದೆ.

ಹಿಂಬದಿಯಲ್ಲಿ ಒಂದು ಚೀಟಿ ಅಂಟಿಸಿದ್ದರು. ಅದರ ನಡುವಿನ ಭಾಗವನ್ನು ಬೆಳ್ಳಿಮೀನು ಹುಳ ತಿಂದು ಹಾಕಿತ್ತು. ಉಳಿದಿದ್ದು ಶುರುವಿನ "ಸರ್" ಮತ್ತು ಕೊನೆಯ "ಭಾರತರತ್ನ" ಮಾತ್ರ. ಒಳ್ಳೆ ಸುಳಿವು ಅನ್ನಿಸುತ್ತದೆ ಅಲ್ವಾ? ಏನೂ ಪ್ರಯೋಜನ ಇಲ್ಲ. ವಿಶ್ವೇಶ್ವರಯ್ಯನವರಿಗೆ ಸರ್ ಪದವಿ 1915ರಲ್ಲಿ, ರಾಮನ್ ಅವರಿಗೆ 1929ರಲ್ಲಿ, ರಾಧಾಕೃಷ್ಣನ್ ಅವರಿಗೆ 1931ರಲ್ಲಿ. ಭಾರತರತ್ನ ರಾಮನ್ ಮತ್ತು ರಾಧಾಕೃಷ್ಣನ್ ಇಬ್ಬರಿಗೂ 1954ರಲ್ಲೇ ಬಂತು, ವಿಶ್ವೇಶ್ವರಯ್ಯನವರಿಗೆ ಮರುವರ್ಷ. ಹೆಸರು ಹೋದ ಚೀಟಿ ಮೂವರಿಗೂ ಸರಿಯಾಗಿ ಕೂರುತ್ತದೆ.

ಆದ್ದರಿಂದ ಚಿತ್ರವನ್ನೇ ಕೇಳಬೇಕಾಯಿತು. ಕನ್ನಡಕ ಇಲ್ಲ. ಹಾಗಾಗಿ ರಾಧಾಕೃಷ್ಣನ್ ಅವರನ್ನು ಬಿಡಬಹುದು ಅನ್ನಿಸಿತು. ರುಮಾಲಿಗೆ ಜರಿ ಅಂಚಿಲ್ಲ. ವಿಶ್ವೇಶ್ವರಯ್ಯನವರ ಮೈಸೂರು ಪೇಟಕ್ಕೆ ಸಾಮಾನ್ಯವಾಗಿ ಅದು ಇರುತ್ತದೆ. ಆದರೆ ಇದೆಲ್ಲ ಬರೀ ಅಂದಾಜು. ಗಟ್ಟಿ ಸಾಕ್ಷಿ ಸಿಕ್ಕಿದ್ದು ಎರಡು ಕಡೆ. ಒಂದು ಕಿವಿ. ವಯಸ್ಸಾದಂತೆ ಕೆನ್ನೆ, ಕಣ್ಣು, ಹಣೆ ಎಲ್ಲ ಬದಲಾದರೂ ಕಿವಿಯ ಒಳಗಿನ ಮಡಿಕೆಗಳ ಆಕಾರ ಅಷ್ಟಾಗಿ ಬದಲಾಗುವುದಿಲ್ಲ. ಇನ್ನೊಂದು ರುಮಾಲಿನ ಮಡಿಕೆ. ಕೈಯಲ್ಲಿ ಸುತ್ತಿದ ಬಟ್ಟೆ ಎರಡು ಸಲ ಒಂದೇ ರೀತಿ ಕೂರುವುದಿಲ್ಲ. ಎರಡು ಫೋಟೊಗಳಲ್ಲಿ ಮಡಿಕೆ ಮಡಿಕೆಗೂ ತಾಳೆಯಾದರೆ ಅವು ಒಂದೇ ದಿನ ತೆಗೆದವು ಎಂದು ಧೈರ್ಯವಾಗಿ ಹೇಳಬಹುದು. ನೆರಳು, ಕೋಟಿನ ಸುಕ್ಕು ಕೂಡ ತಾಳೆಯಾದರೆ ಒಂದೇ ನೆಗೆಟಿವ್.

ರಾಮನ್ ಅವರ ಪ್ರಕಟವಾದ ಭಾವಚಿತ್ರಗಳನ್ನು ಒಂದೊಂದಾಗಿ ಪಕ್ಕದಲ್ಲಿಟ್ಟು ನೋಡುತ್ತಾ ಹೋದೆವು. ಒಂದರಲ್ಲಿ ಹಣೆಯ ಮೇಲೆ ಓರೆಯಾಗಿ ಹಾಯುವ ಮಡಿಕೆ, ಅದರ ಕೆಳಗೆ ಅರ್ಧಕ್ಕೆ ನಿಂತ ಇನ್ನೊಂದು, ಬಲಗಿವಿಯ ಹತ್ತಿರದ ಒಂದು ಸಣ್ಣ ಉಬ್ಬು, ಎಲ್ಲ ಹಾಗ್‌ಹಾಗೇ ಇದ್ದವು. ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹಾಕಿದಾಗ ಕೋಟಿನ ಕಾಲರೂ ಕೂತಿತು. ರಾಮನ್ ಅವರೇ. ಶಾಲೆಯದ್ದು ಅದೇ ಚಿತ್ರವನ್ನು ನಾಲ್ಕೂ ಕಡೆ ಕತ್ತರಿಸಿದ ಪ್ರತಿ.

ಈ ರುಮಾಲಿನ ವಿಷಯ ಮುಂದೆ ಮತ್ತೆ ಬರುತ್ತದೆ.

ಯಾವ ಕಾಲದ್ದು?

ಫ್ರೇಮಿನ ಹಿಂದೆ ತೆಳು ಹಲಗೆ, ಹಲಗೆಗೂ ಫೋಟೊಗೂ ನಡುವೆ ಹಳೆ ನ್ಯೂಸ್ ಪೇಪರ್. ಆ ಕಾಲದ ಫ್ರೇಮ್ ಅಂಗಡಿಗಳ ಪದ್ಧತಿಯೇ ಅದು. ಪೇಪರಿನಲ್ಲಿ ತಾರೀಕಿನ ಮೂಲೆ ಇರಲಿಲ್ಲ. ಆದರೆ ಒಂದು ಜಾಹೀರಾತಿನಲ್ಲಿ ಬೆಲೆ "ನ.ಪೈ." ಲೆಕ್ಕದಲ್ಲಿತ್ತು. ನಯಾ ಪೈಸೆ ಚಾಲ್ತಿಗೆ ಬಂದದ್ದು 1957ರ ಏಪ್ರಿಲ್ 1ಕ್ಕೆ. 1964ರ ಜೂನ್‌ನಲ್ಲಿ ಆ "ನಯಾ" ಬಿಟ್ಟುಹೋಗಿ ಬರೀ ಪೈಸೆ ಆಯಿತು. ಅಂದರೆ ಫ್ರೇಮ್ ಕಟ್ಟಿದ್ದು 1957ಕ್ಕಿಂತ ಮೊದಲಂತೂ ಅಲ್ಲ. ನಂತರ ಎಷ್ಟಾದರೂ ಆಗಿರಬಹುದು, ಹಳೆ ಪೇಪರ್ ಅಟ್ಟದಲ್ಲಿ ಎಷ್ಟು ವರ್ಷ ಬಿದ್ದಿತ್ತೋ ಯಾರು ಕಂಡರು.

ಮೇಲಿನ ಮಿತಿಯನ್ನು ಶಾಲೆಯ ರಬ್ಬರ್ ಮೊಹರು ಕೊಟ್ಟಿತು. ಅದರಲ್ಲಿ "ಕೊಡಗು ಜಿಲ್ಲೆ, ಮೈಸೂರು ರಾಜ್ಯ" ಎಂದಿತ್ತು. 1956ರ ನವೆಂಬರ್ 1ರ ತನಕ ಕೊಡಗು ತಾನೇ ಒಂದು ರಾಜ್ಯ. ಆ ದಿನ ಮೈಸೂರು ರಾಜ್ಯಕ್ಕೆ ಸೇರಿತು. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. ಹಳೆ ಮೊಹರನ್ನೇ ಆಮೇಲೂ ಒತ್ತಿರಬಹುದು, ಸರ್ಕಾರಿ ಶಾಲೆಯಲ್ಲಿ ಅದೇನು ಹೊಸದಲ್ಲ. ಆದರೂ 1957ರಿಂದ 1973ರ ನಡುವೆ ಎಂದರೆ ಹೆಚ್ಚು ತಪ್ಪಾಗಲಿಕ್ಕಿಲ್ಲ.

ನೋಟು ಪರೀಕ್ಷಿಸುವ ನೇರಳೆ ಟಾರ್ಚಿನಲ್ಲಿ ಫೋಟೊದ ಹಿಂಬದಿಯನ್ನೂ ನೋಡಿದೆವು. ಕಾಗದ ನೀಲಿಯಾಗಿ ಹೊಳೆಯಿತು. ಕಾಗದ ಬೆಳ್ಳಗೆ ಕಾಣಲೆಂದು ಸೇರಿಸುವ ರಾಸಾಯನಿಕದ ಹೊಳಪು ಅದು. ಫೋಟೊ ಕಾಗದಕ್ಕೆ ಅದು ಬಂದದ್ದು 1950ರ ದಶಕದಲ್ಲಿ. ಎಲ್ಲ ಒಂದಕ್ಕೊಂದು ಹೊಂದುತ್ತವೆ. ರಾಮನ್ ತೀರಿಕೊಂಡದ್ದು 1970ರ ನವೆಂಬರ್ 21ಕ್ಕೆ. ಅವರು ಬೆಂಗಳೂರಿನಲ್ಲಿ 1948ರಲ್ಲಿ ತಾವೇ ಕಟ್ಟಿದ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಗಲೇ ಈ ಫೋಟೊ ಕೊಡಗಿನ ಗೋಡೆ ಏರಿರುವ ಸಾಧ್ಯತೆ ಜಾಸ್ತಿ.

ಕಿವಿಯಿಂದ ಕಿವಿಗೆ 110 ಚುಕ್ಕಿ

ಇನ್ನು ಮುಖ್ಯ ವಿಷಯ. ಭೂತಗನ್ನಡಿ ಇಟ್ಟು ನೋಡಿದಾಗ ಮುಖದ ತುಂಬ ಸಾಲುಸಾಲು ಚುಕ್ಕಿಗಳು. ಫೋಟೊ ಕಾಗದದಲ್ಲಿ ಹೀಗೆ ಇರಬಾರದು. ಅಲ್ಲಿ ಕಪ್ಪಿನಿಂದ ಬಿಳುಪಿಗೆ ಬಣ್ಣ ಹಂತವಿಲ್ಲದೆ ಇಳಿಯುತ್ತದೆ. ಚುಕ್ಕಿ ಇರುವುದು ಪತ್ರಿಕೆ, ಪುಸ್ತಕದಲ್ಲಿ ಅಚ್ಚಾದ ಚಿತ್ರದಲ್ಲಿ. ಆದರೆ ಇದು ಅಚ್ಚಾದದ್ದೂ ಅಲ್ಲ, ಕಾಗದ ಬೆಳ್ಳಿಯ ಫೋಟೊ ಕಾಗದವೇ. ಚುಕ್ಕಿಗಳ ಅಂಚು ಮೆತ್ತಗೆ ಕರಗಿದಂತಿತ್ತು.

ಅರ್ಥ ಇಷ್ಟೇ. ಯಾರೋ ಸ್ಟುಡಿಯೊದವರು ಪತ್ರಿಕೆಯಲ್ಲೋ ಪುಸ್ತಕದಲ್ಲೋ ಬಂದ ರಾಮನ್ ಚಿತ್ರವನ್ನು ಕ್ಯಾಮರಾ ಸ್ಟ್ಯಾಂಡಿಗೆ ಹಾಕಿ ತೆಗೆದು, ಆ ನೆಗೆಟಿವಿನಿಂದ ದೊಡ್ಡದು ಮಾಡಿಕೊಟ್ಟಿದ್ದಾರೆ. ಆಗ ಅದೇ ಮಾರ್ಗ. ಬೆಂಗಳೂರಿಗೆ ಹೋಗಿ ನೊಬೆಲ್ ವಿಜ್ಞಾನಿಯ ಫೋಟೊ ತೆಗೆಸಿಕೊಂಡು ಬರಲು ಯಾವ ಹಳ್ಳಿ ಶಾಲೆಗೆ ಆಗುತ್ತಿತ್ತು?

ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಚುಕ್ಕಿಗಳನ್ನು ಎಣಿಸಿದಾಗ ಸುಮಾರು 110 ಬಂದವು. ಒಂದು ಕಣ್ಣಿಗೆ 20ರ ಆಸುಪಾಸು. ಇಡೀ ಪ್ರಕರಣದಲ್ಲಿ ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದ ಅಂಕಿ ಇದೇ. ಫೋಟೊ ಎಷ್ಟೇ ದೊಡ್ಡದಿರಲಿ, ರಾಮನ್ ಅವರ ಮುಖದ ಬಗ್ಗೆ ಅದಕ್ಕೆ ಗೊತ್ತಿರುವುದು 110 ಚುಕ್ಕಿಯಷ್ಟು ಅಗಲ ಮಾತ್ರ. ಬೂಷ್ಟು ಹಿಡಿಯದೆ, ಗಾಜಿಗೆ ಅಂಟದೆ ಅಂಗಡಿಯಿಂದ ಬಂದ ದಿನದ ಹಾಗೇ ಇದ್ದಿದ್ದರೂ ಅಷ್ಟೇ. ಅದಕ್ಕಿಂತ ಜಾಸ್ತಿ ವಿವರವನ್ನು ಇದರಿಂದ ಯಾರಾದರೂ ಹೊರಗೆ ತೆಗೆದು ತೋರಿಸಿದರೆ, ಅದು ಇದರಿಂದ ಬಂದದ್ದಲ್ಲ.

ಇನ್ನೊಂದು ಸಂಗತಿ ಓರೆ ಬೆಳಕಿನಲ್ಲಿ ಕಂಡಿತು. ಫೋಟೊದ ಪಕ್ಕದಿಂದ ಟಾರ್ಚ್ ಬಿಟ್ಟಾಗ ಹೊಳಪಿನ ನಡುವೆ ಅಲ್ಲಲ್ಲಿ ಮಂಕಾದ ಗುರುತುಗಳು. ಎರಡೂ ಹುಬ್ಬು, ರುಮಾಲಿನ ಒಂದು ಅಂಚು, ಕಣ್ಣುಗಳಲ್ಲಿ ಒಂದೊಂದು ಬಿಳಿ ಬೊಟ್ಟು. ಕುಂಚದಲ್ಲಿ ಮಾಡಿದ ಟಚಪ್. ವಿರಾಜಪೇಟೆಯಲ್ಲಿ ಬಹಳ ಕಾಲ ಡಾರ್ಕ್‌ರೂಮ್ ಕೆಲಸ ಮಾಡಿದ ಹಿರಿಯರೊಬ್ಬರಿಗೆ ತೋರಿಸಿದೆ. ನೋಡಿದ ಕೂಡಲೇ ನಕ್ಕರು. "ಕಣ್ಣಿಗೆ ಬೆಳಕು ಇಡದಿದ್ರೆ ಗಿರಾಕಿ ದುಡ್ಡು ಕೊಡ್ತಿರಲಿಲ್ಲ ಮಾರಾಯ. ಸತ್ತವರ ಫೋಟೊ ಥರ ಇದೆ ಅಂತ ವಾಪಸ್ ಮಾಡ್ತಿದ್ರು."

ಅಂದರೆ ಆ ಶಾಲೆಯ ಮಕ್ಕಳು ಇಷ್ಟು ವರ್ಷ ನೋಡಿದ ರಾಮನ್ ಅವರ ಕಣ್ಣಿನ ಹೊಳಪು ಹೆಸರು ಗೊತ್ತಿಲ್ಲದ ಒಬ್ಬ ಟಚಪ್ ಕೆಲಸಗಾರ ಇಟ್ಟದ್ದು.

ಆ್ಯಪ್ ಕೊಟ್ಟ ರಾಮನ್

ನಾವು ಇಷ್ಟೆಲ್ಲ ನೋಡುತ್ತಿರುವಾಗ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬರು ಕೆಲಸವನ್ನು ಆಗಲೇ ಮುಗಿಸಿಬಿಟ್ಟಿದ್ದರು. ಕಾಫಿ ತೋಟ ಇರುವವರು, ಶಾಲೆಗೆ ಏನು ಬೇಕಾದರೂ ಮಾಡುವ ಮನಸ್ಸಿನವರು. ಹಾಳಾದ ಫೋಟೊವನ್ನು ಮೊಬೈಲಿನಲ್ಲಿ ತೆಗೆದು, ಹಳೆ ಚಿತ್ರಗಳನ್ನು ಸರಿಮಾಡುವ ಒಂದು ಆ್ಯಪಿಗೆ ಹಾಕಿ, ಬಣ್ಣವನ್ನೂ ತುಂಬಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದರು. "ನೋಡಿ ಸರ್, ಐದು ನಿಮಿಷದ ಕೆಲಸ. ನೀವು ಸುಮ್ನೆ ತಲೆ ಕೆಡಿಸಿಕೊಂಡಿದ್ದೀರಿ."

ಮೊದಲ ನೋಟಕ್ಕೆ ಚೆಂದ ಇತ್ತು, ಇಲ್ಲ ಅನ್ನಲಾರೆ. ಚರ್ಮ ನುಣ್ಣಗೆ, ಕಣ್ಣು ಫಳಫಳ, ಒಂದೊಂದು ರೆಪ್ಪೆಗೂದಲೂ ಬೇರೆ ಬೇರೆ. ಆದರೆ 20 ಚುಕ್ಕಿಯ ಕಣ್ಣಿನಲ್ಲಿ ರೆಪ್ಪೆಗೂದಲು ಎಲ್ಲಿಂದ ಬರಬೇಕು? ಆ್ಯಪ್ ನೋಡಿ ಕಲಿತ ಸಾವಿರಾರು ಬೇರೆ ಮುಖಗಳಿಂದ ಬಂದದ್ದು. ರುಮಾಲಿನ ಗತಿ ಇನ್ನೂ ಕೆಟ್ಟಿತ್ತು. ಓರೆಯಾಗಿ ಹಾಯುವ ಮಡಿಕೆ ಮಾಯ. ಅದರ ಜಾಗದಲ್ಲಿ ಒಂದೇ ಅಳತೆಯ ನೆರಿಗೆಗಳು, ಉತ್ತರದ ಕಡೆ ಮದುವೆಗಳಲ್ಲಿ ಗಂಡಿಗೆ ಕಟ್ಟುವ ಪೇಟದ ಹಾಗೆ. ಬಲಗಿವಿಯ ಹತ್ತಿರದ ಉಬ್ಬನ್ನು ಕಲೆ ಎಂದುಕೊಂಡು ಅಳಿಸಿತ್ತು. ಇವರು ರಾಮನ್ ಎಂದು ನಮಗೆ ಸಾಬೀತು ಮಾಡಿಕೊಟ್ಟದ್ದೇ ಆ ಮಡಿಕೆಗಳು ಮತ್ತು ಆ ಉಬ್ಬು. ಆ್ಯಪಿನ ಪ್ರತಿಯೊಂದೇ ಉಳಿದಿದ್ದರೆ ಮುಂದೆ ಯಾರಿಗೂ ಆ ತಾಳೆ ನೋಡುವುದು ಸಾಧ್ಯವಾಗುತ್ತಿರಲಿಲ್ಲ.

ಬಣ್ಣದ ಬಗ್ಗೆಯೂ ಒಂದು ಮಾತು. ರುಮಾಲಿಗೆ ಕೇಸರಿ ಬಣ್ಣ ಬಂದಿತ್ತು. ಕಪ್ಪುಬಿಳುಪು ಫಿಲ್ಮ್ ಬಣ್ಣವನ್ನು ಎಲ್ಲೂ ಬರೆದಿಟ್ಟಿರುವುದಿಲ್ಲ, ಹೊಳಪನ್ನು ಮಾತ್ರ ಬರೆಯುತ್ತದೆ. ಹೊಳಪನ್ನೂ ನಂಬುವ ಹಾಗಿಲ್ಲ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ತುಟಿ, ಕೆಂಪು ಸೀರೆ ಎಲ್ಲ ಕಪ್ಪಾಗಿ ಬೀಳುತ್ತಿದ್ದವು, ನೀಲಿ ಆಕಾಶ ಬೆಳ್ಳಗಾಗುತ್ತಿತ್ತು. ಬೂದು ಬಣ್ಣದಿಂದ ಹಿಂದಕ್ಕೆ ಹೋಗಿ ಬಟ್ಟೆಯ ಬಣ್ಣ ಹೇಳುವುದು ಜ್ಯೋತಿಷ್ಯದ ಕೆಲಸ.

ಇಲ್ಲಿ ವಿಜ್ಞಾನ ಮೇಷ್ಟ್ರು ಒಂದು ಪ್ರಶ್ನೆ ಹಾಕಿದರು. "ಹಾಗಾದರೆ ಆ ಟಚಪ್‌ನವನೂ ಕಣ್ಣಿನ ಬೆಳಕು ಸುಳ್ಳೇ ಇಟ್ಟಿದ್ದಲ್ವಾ ಸರ್? ಅವನದ್ದು ಇರಲಿ, ಆ್ಯಪಿನದ್ದು ಬೇಡ ಅಂದರೆ ಯಾವ ನ್ಯಾಯ?" ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಹೀಗಿತ್ತು. ಅವನು ಇಟ್ಟದ್ದು ಎರಡು ಬೊಟ್ಟು, ಹುಬ್ಬಿಗೂ ರುಮಾಲಿನ ಅಂಚಿಗೂ ಒಂದಿಷ್ಟು ಕುಂಚ. ಅವು ಎಲ್ಲಿವೆ ಎಂದು ಒಂದು ಟಾರ್ಚ್ ಇದ್ದರೆ ಈಗಲೂ ತೋರಿಸಬಹುದು. ಉಳಿದ ಮುಖವನ್ನು ಅವನು ಮುಟ್ಟಿಲ್ಲ. ಆ್ಯಪ್ ಮುಖವನ್ನೆಲ್ಲ ಹೊಸದಾಗಿ ಬರೆದಿದೆ, ಯಾವುದು ಹಳತು ಯಾವುದು ಹೊಸತು ಎಂದು ಬೇರ್ಪಡಿಸಲು ದಾರಿಯೇ ಇಟ್ಟಿಲ್ಲ. ಜೊತೆಗೆ ಟಚಪ್‌ನವನ ಕೆಲಸ ಆ ವಸ್ತುವಿನ ಮೈಮೇಲೇ ಇದೆ, ಅದೂ ಶಾಲೆಯ ಚರಿತ್ರೆಯ ಭಾಗ. ಮೇಷ್ಟ್ರು ಅರ್ಧ ಒಪ್ಪಿದರು. ಇನ್ನರ್ಧ ಈಗಲೂ ಚರ್ಚೆಯಲ್ಲಿದೆ.

ನೀರಿಗೆ ಹಾಕುವುದೋ ಬೇಡವೋ

ಗಾಜಿಗೆ ಅಂಟಿದ ಫೋಟೊ ಬಿಡಿಸುವುದಕ್ಕೆ ಸ್ಟುಡಿಯೊದವರ ಹಳೆ ವಿದ್ಯೆ ಒಂದಿದೆ: ಗಾಜಿನ ಸಮೇತ ನೀರಿನ ಟ್ರೇಯಲ್ಲಿ ಇಡುವುದು. ಫೋಟೊದ ಮೇಲ್ಪದರ ಜೆಲಾಟಿನ್, ಅದು ನೀರು ಕುಡಿದು ಉಬ್ಬಿ ಗಾಜು ಬಿಡುತ್ತದೆ. ವಿರಾಜಪೇಟೆಯ ಹಿರಿಯರು ಹೇಳಿದ್ದೂ ಅದನ್ನೇ. "ಟ್ರೇಗೆ ಹಾಕು, ತಾನೇ ಬಿಡ್ತದೆ." ಚೆನ್ನಾಗಿರುವ ಫೋಟೊದಲ್ಲಿ ಎಷ್ಟೋ ಸಲ ಬಿಟ್ಟೂ ಬಿಡುತ್ತದೆ.

ಬೂಷ್ಟು ಹಿಡಿದದ್ದರಲ್ಲಿ ಲೆಕ್ಕ ಬೇರೆ. ಜೆಲಾಟಿನ್ ಅಂದರೆ ದನದ ಮೂಳೆ, ತೊಗಲಿನಿಂದ ಮಾಡಿದ ಪ್ರೋಟೀನು. ಬೂಷ್ಟಿಗೆ ಅದು ಊಟ. ಬೂಷ್ಟು ತಿಂದ ಜಾಗದಲ್ಲಿ ಜೆಲಾಟಿನ್ ಮುರಿದು, ನೀರಲ್ಲಿ ಉಬ್ಬುವ ಬದಲು ಕರಗಿಯೇ ಹೋಗುವ ಸ್ಥಿತಿಗೆ ಬಂದಿರುತ್ತದೆ. ಚಿತ್ರವನ್ನು ಮಾಡಿರುವ ಬೆಳ್ಳಿಯ ಕಣಗಳೆಲ್ಲ ಅದರೊಳಗೇ ಇವೆ. ಅದು ಕರಗಿದರೆ ಮುಖವೂ ಟ್ರೇ ನೀರಿಗೆ ಹೋಗುತ್ತದೆ. ಫ್ರೇಮಿನ ಪಟ್ಟಿಯ ಅಡಿಯಲ್ಲಿ, ಚಿತ್ರವಿಲ್ಲದ ಅಂಚಿನಲ್ಲಿ, ಹತ್ತಿಯ ತುದಿಗೆ ಒಂದು ತೊಟ್ಟು ನೀರು ಮಾಡಿ ಮುಟ್ಟಿಸಿ ನೋಡಿದೆವು. ಹತ್ತಿಗೆ ಲೋಳೆಯಂತೆ ಮೆತ್ತಿಕೊಂಡಿತು. ಅಲ್ಲಿಗೆ ಟ್ರೇ ಮಾತು ಮುಗಿಯಿತು.

ಬಿಡಿಸುವುದೇ ಬೇಡ ಎಂದು ತೀರ್ಮಾನಿಸಿದೆವು. ಇನ್ನು ಮೇಲೆ ಗಾಜು ಮತ್ತು ಫೋಟೊ ಸೇರಿ ಒಂದೇ ವಸ್ತು. ಮೊದಲು ಹಿಂದಿನ ಹಲಗೆ, ಪೇಪರ್ ತೆಗೆದು ಒಣಗಿಸಿದೆವು. ಅದೂ ನಿಧಾನವಾಗಿ. ಬೇಗ ಒಣಗಿಸಲು ಹೋದರೆ ಜೆಲಾಟಿನ್ ಸಡನ್ನಾಗಿ ಕುಗ್ಗಿ ಗಾಜಿನಿಂದ ಸೀಳಿಕೊಂಡು ಏಳುತ್ತದೆ. ತೇವ ತೆಗೆಯುವ ಯಂತ್ರ ಇಟ್ಟ ಕೋಣೆಯಲ್ಲಿ ತೇವಾಂಶವನ್ನು ಸ್ವಲ್ಪ ಸ್ವಲ್ಪವಾಗಿ ಶೇ. 50ರ ಹತ್ತಿರಕ್ಕೆ ತಂದೆವು. ಬೂಷ್ಟು ಪೂರ್ತಿ ಒಣಗಿ ಪುಡಿಯಾದ ಮೇಲೆ, ಹಿಂಬದಿಯದ್ದನ್ನು ಮಾತ್ರ, ಮಾಸ್ಕ್ ಹಾಕಿ ಹೊರಗೆ ಕೂತು ಮೆತ್ತನೆಯ ಕುಂಚದಲ್ಲಿ ತೆಗೆದೆವು. ಹಸಿ ಬೂಷ್ಟನ್ನು ಒರೆಸಬಾರದು. ಒರೆಸಿದಷ್ಟೂ ಒಳಗೆ ಹೋಗುತ್ತದೆ.

ಗಾಜಿನ ಮೇಲಿಂದಲೇ

ಫೋಟೊ ಈಗ ಹೇಗಿದೆಯೋ ಹಾಗೇ ಒಂದು ನಕಲು ಬೇಕಿತ್ತು. ಗಾಜಿನ ಮೇಲಿಂದಲೇ ತೆಗೆಯಬೇಕು. ಗಾಜಿನ ಪ್ರತಿಫಲನ ಒಂದು ತೊಂದರೆ. ಹಳೆ ಫೋಟೊಗಳ ಕಪ್ಪು ಭಾಗದಲ್ಲಿ ಬೆಳ್ಳಿ ಮೇಲೆದ್ದು ಕನ್ನಡಿಯಂತೆ ಹೊಳೆಯುತ್ತದಲ್ಲ, ಅದು ಇನ್ನೊಂದು ತೊಂದರೆ.

ಉಪಾಯ ಹಳೆಯದೇ. ಎರಡು ಬದಿಯಿಂದ 45 ಡಿಗ್ರಿಗೆ ದೀಪ. ದೀಪಗಳ ಮುಂದೆ ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ), ಲೆನ್ಸಿನ ಮುಂದೆ ಇನ್ನೊಂದು ಪೋಲರೈಸರ್, ಅದನ್ನು ಅಡ್ಡಕ್ಕೆ ತಿರುಗಿಸಿ. ಮೇಲ್ಮೈಯಿಂದ ನೇರವಾಗಿ ಪುಟಿದು ಬಂದ ಬೆಳಕು ಅಡಗಿ, ಚಿತ್ರದೊಳಗೆ ಹೋಗಿ ಚದುರಿ ಬಂದ ಬೆಳಕು ಮಾತ್ರ ಕ್ಯಾಮರಾಗೆ ಸಿಗುತ್ತದೆ. ಬೆಳಕು ಬಹಳ ಕಡಿಮೆಯಾಗುವುದರಿಂದ ಎಕ್ಸ್‌ಪೋಷರ್ ಜಾಸ್ತಿ ಬೇಕು, ಕ್ಯಾಮರಾ ಅಲುಗಬಾರದು. ಅಷ್ಟೇ.

ಲೆನ್ಸಿನ ಮೇಲೆ ಪೋಲರೈಸರ್ ತಿರುಗಿಸುತ್ತಾ ಗಾಜಿನ ಹೊಳಪು ಆರಿ ಮುಖ ಮೇಲೆ ಬರುವುದನ್ನು ಮೇಷ್ಟ್ರು ನೋಡುತ್ತಿದ್ದರು. "ಇದು ನರ್ಕುಂಡಾ ಹಡಗಿನ ಕಥೆ ಅಲ್ವಾ!" ಅಂದರು. ಹೌದು, ಅದೇ. 1921ರಲ್ಲಿ ರಾಮನ್ ಇಂಗ್ಲೆಂಡಿನಿಂದ ಎಸ್. ಎಸ್. ನರ್ಕುಂಡಾ ಎಂಬ ಹಡಗಿನಲ್ಲಿ ವಾಪಸ್ ಬರುತ್ತಿದ್ದರು. ಸಮುದ್ರ ನೀಲಿಯಾಗಿ ಕಾಣುವುದು ಆಕಾಶದ ಪ್ರತಿಫಲನದಿಂದ ಎಂದು ಆಗ ರೇಲಿಯಂಥ ದೊಡ್ಡ ವಿಜ್ಞಾನಿಯೇ ಹೇಳಿದ್ದರು. ರಾಮನ್ ಹತ್ತಿರ ಒಂದು ನಿಕಾಲ್ ಪ್ರಿಸಂ ಇತ್ತು, ನಮ್ಮ ಪೋಲರೈಸರಿನ ಹಿರಿಯಣ್ಣ. ಸರಿಯಾದ ಕೋನದಲ್ಲಿ ಅದರ ಮೂಲಕ ನೋಡಿ ನೀರಿನ ಮೇಲಿನ ಆಕಾಶದ ಪ್ರತಿಫಲನವನ್ನು ಅಡಗಿಸಿದರು. ನೀಲಿ ಹೋಗಲಿಲ್ಲ. ಅಂದರೆ ನೀಲಿ ಬರುತ್ತಿದ್ದದ್ದು ಮೇಲಿಂದಲ್ಲ, ನೀರಿನ ಒಳಗಿಂದ, ನೀರಿನ ಅಣುಗಳೇ ಬೆಳಕನ್ನು ಚದುರಿಸುವುದರಿಂದ ಎಂಬುದು ಅವರ ತೀರ್ಮಾನ. ಆ ಎಳೆ ಹಿಡಿದು ಹೊರಟ ಕೆಲಸವೇ 1928ರ ಫೆಬ್ರುವರಿ 28ರ ರಾಮನ್ ಪರಿಣಾಮದ ಶೋಧಕ್ಕೂ, 1930ರ ನೊಬೆಲ್ ಬಹುಮಾನಕ್ಕೂ ತಲುಪಿದ್ದು.

ಆ ಶೋಧದಲ್ಲಿ ಫೋಟೊಗ್ರಫಿಗೂ ಪಾಲಿದೆ. ಕಲ್ಕತ್ತದ ಪ್ರಯೋಗಾಲಯದಲ್ಲಿ ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಚದುರಿದ ಬೆಳಕಿನ ಬಣ್ಣದಲ್ಲಾಗುವ ಬದಲಾವಣೆಯನ್ನು ಮೊದಲು ಕಣ್ಣಿಂದಲೇ ಕಂಡರು. ಆದರೆ ಲೋಕಕ್ಕೆ ತೋರಿಸಲು, ಅಳೆಯಲು ಬೇಕಾಗಿದ್ದು ಫೋಟೊಗ್ರಫಿಕ್ ಪ್ಲೇಟು. ಪಾದರಸದ ದೀಪದ ಬೆಳಕನ್ನು ದ್ರವದೊಳಗೆ ಹಾಯಿಸಿ, ಚದುರಿ ಬಂದ ಆ ಮಂಕು ಬೆಳಕಿಗೆ ಪ್ಲೇಟನ್ನು ತುಂಬಾ ಹೊತ್ತು ಒಡ್ಡಿದಾಗ, ದೀಪದ ಗೆರೆಗಳ ಪಕ್ಕದಲ್ಲಿ ಹೊಸ ಮಬ್ಬು ಗೆರೆಗಳು ಮೂಡಿದವು. ಗಾಜು, ಅದರ ಮೇಲೆ ಜೆಲಾಟಿನ್, ಅದರೊಳಗೆ ಬೆಳ್ಳಿ. ಶಾಲೆಯ ಗೋಡೆಯಲ್ಲಿ ಬೂಷ್ಟು ತಿಂದದ್ದೂ ಅದೇ ಸಾಮಗ್ರಿ. ಆ ವರ್ಷ ವಿಜ್ಞಾನ ದಿನದ ಭಾಷಣಕ್ಕೆ ಮೇಷ್ಟ್ರಿಗೆ ಬೇರೆ ವಿಷಯ ಹುಡುಕುವ ಕಷ್ಟ ಇರಲಿಲ್ಲ.

ನಕಲು ತೆಗೆಯುವ ಮೊದಲು ಗಾಜಿನ ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿದೆವು. ಹಣೆಯ ಜಾಗದಲ್ಲಿ ವರ್ಷಗಟ್ಟಲೆ ಇಟ್ಟ ಕುಂಕುಮದ ಗುರುತು ಗಾಜಿಗೇ ಹಿಡಿದಿತ್ತು. ಅದು ಪೂರ್ತಿ ಹೋಗಲಿಲ್ಲ. ನಕಲಿನಲ್ಲೂ ಇದೆ. ಇರಲಿ.

ಗೋಡೆಯದ್ದೇ ತಪ್ಪು

ಇಷ್ಟು ವರ್ಷ ಉಳಿದ ಫೋಟೊ ಒಮ್ಮೆಲೇ ಯಾಕೆ ಕೆಟ್ಟಿತು ಎಂದು ನೋಡಲು ಶಾಲೆಗೆ ಹೋದೆವು. ಕೊಠಡಿಗೆ ಹೊಸದಾಗಿ ಬಣ್ಣ ಹೊಡೆದಾಗ ಫೋಟೊವನ್ನು ಒಳಗೋಡೆಯಿಂದ ತೆಗೆದು ಪಶ್ಚಿಮದ ಹೊರಗೋಡೆಗೆ ಹಾಕಿದ್ದರು, ಬೋರ್ಡಿನ ಮೇಲೆ ಚೆನ್ನಾಗಿ ಕಾಣುತ್ತದೆ ಎಂದು. ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮಡಿಕೇರಿಯ ಸುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ, ನೈಋತ್ಯದ ಗಾಳಿಯ ಜೊತೆ ಓರೆಯಾಗಿ ಬಂದು ಪಶ್ಚಿಮದ ಗೋಡೆಗೇ ಹೊಡೆಯುತ್ತದೆ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಆ ಗೋಡೆಗೆ ಕೈ ಇಟ್ಟರೆ ಒಳಗಿನಿಂದಲೂ ತಣ್ಣಗೆ, ತೇವ. ಫ್ರೇಮ್ ಗೋಡೆಗೆ ಒತ್ತಿಕೊಂಡಿತ್ತು, ಹಿಂದೆ ಗಾಳಿಯಾಡಲು ಜಾಗವಿಲ್ಲ.

ತೇವಾಂಶ ಶೇ. 65–70 ದಾಟಿ ಹಾಗೇ ನಿಂತರೆ ಬೂಷ್ಟು ಏಳುತ್ತದೆ. ಅದಕ್ಕಿಂತ ಮೇಲೆ ಹೋದರೆ ಜೆಲಾಟಿನ್ ಮೆತ್ತಗಾಗಿ ಜಿಗುಟಾಗುತ್ತದೆ. ಆಗ ಎದುರಿಗೆ ತಾಗಿದಂತೆ ಗಾಜಿದ್ದರೆ ಅಂಟಿಯೇ ಅಂಟುತ್ತದೆ. ಹೂವಿನ ಹಾರವೂ ಕೈ ಜೋಡಿಸಿತ್ತು. ಹಾರದ ನೀರು, ಒದ್ದೆ ಬಟ್ಟೆಯ ನೀರು ಗಾಜಿನ ಮೇಲೆ ಇಳಿದು ಕೆಳಗಿನ ಪಟ್ಟಿಯ ಸಂದಿಗೆ ಸೇರುತ್ತದೆ. ಅಂಟಿಕೊಂಡದ್ದು ಶುರುವಾಗಿದ್ದೂ ಕೆಳಗಿನ ಅಂಚಿನಿಂದಲೇ.

ನಮ್ಮ ಕಡೆ ಕ್ಯಾಮರಾ ಇಟ್ಟುಕೊಂಡವರು ಬೀರುವಿನೊಳಗೆ ಬಲ್ಬ್ ಉರಿಸಿ ಲೆನ್ಸಿಗೆ ಬೂಷ್ಟು ಬಾರದ ಹಾಗೆ ನೋಡಿಕೊಳ್ಳುತ್ತಾರೆ. ಲೆಕ್ಕ ಸರಿಯಾಗಿದೆ. 20 ಡಿಗ್ರಿಯಲ್ಲಿ ಶೇ. 90 ತೇವಾಂಶ ಇರುವ ಗಾಳಿಯನ್ನು 25 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಶೇ. 66ರ ಆಸುಪಾಸಿಗೆ ಇಳಿಯುತ್ತದೆ. ಆದರೆ ಅದು ಹಳೆ ತಂತಿ ಬಲ್ಬಿನ ಕಾಲದ ವಿದ್ಯೆ. ಈಗ ಎಲ್‌ಇಡಿ ಹಾಕಿಟ್ಟು "ಬಲ್ಬ್ ಇದ್ರೂ ಬೂಷ್ಟು ಬಂತಲ್ಲ" ಅನ್ನುವವರು ವರ್ಷಕ್ಕೆ ಕೆಲವರಾದರೂ ಸಿಗುತ್ತಾರೆ. ಎಲ್‌ಇಡಿಯಲ್ಲಿ ಬೆಳಕಿದೆ, ಬಿಸಿ ಎಲ್ಲಿ?

ಏನು ಮಾಡಿಕೊಟ್ಟೆವು

ಮುಖಕ್ಕೆ ಒಂದು, ವಸ್ತುವಿಗೆ ಒಂದು.

ಮುಖಕ್ಕೆ: ನಾವು ತಾಳೆ ನೋಡಿದ ಅದೇ ಭಾವಚಿತ್ರದ ಒಳ್ಳೆ ಫೈಲ್ ಇರುವ ಕಡೆ ಶಾಲೆಯವರಿಂದ ಪತ್ರ ಬರೆಸಿ, ಶಾಲೆಯಲ್ಲಿ ಹಾಕಿಕೊಳ್ಳಲು ಒಪ್ಪಿಗೆ ಪಡೆದೆವು. ಅದರಲ್ಲಿ ರುಮಾಲಿನ ನೂಲಿನ ಎಳೆಯೂ ಕಾಣುತ್ತದೆ, ಕಣ್ಣಿನ ಕೆಳಗಿನ ಸುಕ್ಕೂ ಕಾಣುತ್ತದೆ. ಕಣ್ಣಲ್ಲಿ ಬೆಳಕಿನ ಬೊಟ್ಟು ಇದೆ, ಆದರೆ ಟಚಪ್‌ನವನು ಇಟ್ಟ ಜಾಗದಲ್ಲಲ್ಲ, ಸ್ವಲ್ಪ ಮೇಲೆ. ಪಿಗ್ಮೆಂಟ್ ಇಂಕಿನಲ್ಲಿ ಕಪ್ಪುಬಿಳುಪಾಗಿಯೇ ಪ್ರಿಂಟ್ ಹಾಕಿದೆವು. ಚಿತ್ರಕ್ಕೂ ಮುಂದಿನ ಅಕ್ರಿಲಿಕ್ ಹಾಳೆಗೂ ನಡುವೆ ದಪ್ಪ ಮೌಂಟ್ ಬೋರ್ಡ್ ಕೊಟ್ಟು ಅಂತರ ಬಿಟ್ಟೆವು. ಫ್ರೇಮಿನ ಹಿಂದೆ ನಾಲ್ಕೂ ಮೂಲೆಗೆ ರಬ್ಬರ್ ಗುಂಡಿ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡಲಿ ಎಂದು. ಜಾಗ ಮತ್ತೆ ಒಳಗೋಡೆ. ಹಾರ ಇನ್ನು ಮುಂದೆ ಫ್ರೇಮಿಗಲ್ಲ, ಕೆಳಗಿನ ಮೇಜಿಗೆ. ಈ ಕೊನೆಯದನ್ನು ಒಪ್ಪಿಸುವುದಕ್ಕೆ ಉಳಿದ ಎಲ್ಲಕ್ಕಿಂತ ಜಾಸ್ತಿ ಮಾತಾಡಬೇಕಾಯಿತು.

ವಸ್ತುವಿಗೆ: ಗಾಜು ಮತ್ತು ಫೋಟೊ ಹಾಗೇ. ಹಿಂದೆ ಆಮ್ಲವಿಲ್ಲದ ಹೊಸ ಬೋರ್ಡ್. ಹುಳ ತಿಂದ ಚೀಟಿಯನ್ನೂ ನ.ಪೈ. ಪೇಪರಿನ ತುಂಡನ್ನೂ ಬೇರೆ ಕವರಿನಲ್ಲಿ ಹಾಕಿ ಜೊತೆಗಿಟ್ಟೆವು. ಗಾಜು ಕೆಳಗೆ ಬರುವಂತೆ ಮಲಗಿಸಿ, ತೇವ ಹೀರುವ ಸಿಲಿಕಾ ಜೆಲ್ ಕಾಳು ಹಾಕಿದ ಪೆಟ್ಟಿಗೆಯಲ್ಲಿ ಇಡುವುದು ನನ್ನ ಸಲಹೆ. ಹೆಡ್ ಮೇಡಂ ಒಪ್ಪಲಿಲ್ಲ. "ಪೆಟ್ಟಿಗೆಯಲ್ಲಿಟ್ಟರೆ ಇನ್ನು ಹತ್ತು ವರ್ಷಕ್ಕೆ ಇದು ಇದೆ ಅಂತಲೇ ಯಾರಿಗೂ ನೆನಪಿರಲ್ಲ" ಅಂದರು. ಅವರ ಮಾತೂ ಸುಳ್ಳಲ್ಲ, ಬೀರು ಸೇರಿದ್ದು ಯಾವ ಶಾಲೆಯಲ್ಲಿ ಹೊರಗೆ ಬಂದಿದೆ? ಕೊನೆಗೆ ಹೀಗೆ ಇತ್ಯರ್ಥವಾಯಿತು: ಮಳೆ ಇಲ್ಲದ ಜನವರಿಯಿಂದ ಮಾರ್ಚ್ ತನಕ ಹೊಸದರ ಪಕ್ಕದಲ್ಲೇ ಮೇಜಿನ ಮೇಲೆ ಒರಗಿಸಿ ಇಡುವುದು, ಮೊದಲ ಗುಡುಗಿಗೆ ಪೆಟ್ಟಿಗೆ. ಜೆಲ್ ಕಾಳಿನ ಬಣ್ಣ ತಿರುಗಿದಾಗ ಅದನ್ನು ಒಣಗಿಸಿ ಹಾಕುವ ಜವಾಬ್ದಾರಿ ಎಂಟನೇ ಕ್ಲಾಸಿನ ಮಕ್ಕಳದ್ದು.

ಆ್ಯಪಿನ ಚಿತ್ರವನ್ನು ತೋಟದವರು ಬೇಜಾರಿಲ್ಲದೆ ಮೇಷ್ಟ್ರಿಗೆ ಕೊಟ್ಟರು. ಮೂರನ್ನೂ ಸಾಲಾಗಿಟ್ಟು ರುಮಾಲಿನ ಮಡಿಕೆ ಎಣಿಸುವುದು ಈಗ ಅವರ ಕ್ಲಾಸಿನ ಒಂದು ಚಟುವಟಿಕೆ. ಶಾಲೆಯ ವಾಟ್ಸ್‌ಆ್ಯಪ್ ಗುಂಪಿನ ಚಿತ್ರವಾಗಿ ಮಾತ್ರ ಇನ್ನೂ ಆ ಕೇಸರಿ ರುಮಾಲಿನವರೇ ಇದ್ದಾರೆ.

ಒಂದು ಮಳೆಗಾಲ ಕಳೆದ ಮೇಲೆ, ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಎರಡನ್ನೂ ತೆರೆದು ನೋಡಿದೆವು. ಹೊಸ ಪ್ರಿಂಟಿಗೆ ಏನೂ ಆಗಿಲ್ಲ. ಹಳೆಯದರಲ್ಲಿ ಹೊಸ ಬೂಷ್ಟು ಎದ್ದಿಲ್ಲ. ಆದರೆ ಕೆಳಗಿನ ಎಡ ಮೂಲೆಯಲ್ಲಿ, ಕೋಟಿನ ಭಾಗದಲ್ಲಿ, ಜೆಲಾಟಿನ್ ಗಾಜಿನಿಂದ ಉಗುರಗಲದಷ್ಟು ಬಿಟ್ಟುಕೊಂಡಿದೆ. ಬಿಟ್ಟ ಜಾಗದ ಗಡಿಯನ್ನು ಅಳತೆಪಟ್ಟಿಯ ಸಮೇತ ಫೋಟೊ ತೆಗೆದು ಇಟ್ಟಿದ್ದೇವೆ. ಮುಂದಿನ ಮಳೆಗಾಲದಲ್ಲಿ ಅದು ಇನ್ನೂ ಬೆಳೆದರೆ ನಮ್ಮ ಕೈಯ ಕೆಲಸವಲ್ಲ, ಕಾಗದ ಮತ್ತು ಫೋಟೊ ಸಂರಕ್ಷಣೆಯನ್ನೇ ಕಲಿತವರ ಹತ್ತಿರ ಕಳಿಸಬೇಕು ಎಂದು ಶಾಲೆಗೆ ಬರೆದು ಕೊಟ್ಟಿದ್ದೇನೆ.